ಮೊಣಕಾಲು ಹೋಯಿತು, ಕಬಡ್ಡಿ ಬಿಡೋಕೆ ಮನಸ್ಸಿಲ್ಲ. ಆಟದೊಳಗೆ ಬೇರೆ ಯಾವ ಕೆಲಸ ಇದೆ?

ತೀರ್ಥಹಳ್ಳಿ ರೈಡರ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನನಗೆ 22 ವರ್ಷ. ಊರು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ. ಎಂಟನೇ ಕ್ಲಾಸಿನಿಂದ ಕಬಡ್ಡಿ ಆಡುತ್ತಿದ್ದೇನೆ. ಡಿಗ್ರಿಯಲ್ಲಿ ಯೂನಿವರ್ಸಿಟಿ ತಂಡದ ಕ್ಯಾಂಪಿನವರೆಗೂ ಹೋಗಿದ್ದೆ, ಕೊನೆಯ ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಗದ್ದೆ ಕೊಯ್ಲು ಮುಗಿದ ಮೇಲೆ ಶೃಂಗೇರಿ, ಕೊಪ್ಪ, ಹೊಸನಗರ, ರಿಪ್ಪನ್‌ಪೇಟೆ ಅಂತ ಹೊನಲು ಬೆಳಕಿನ ಪಂದ್ಯ ಎಲ್ಲಿದ್ದರೂ ಬೈಕ್ ಹತ್ತಿ ಹೋಗುತ್ತಿದ್ದೆವು.

ಕಳೆದ ಫೆಬ್ರವರಿಯಲ್ಲಿ ಅಂಥದ್ದೇ ಒಂದು ಪಂದ್ಯ. ಮೂಲೆಯಲ್ಲಿ ನಿಲ್ಲುವ ಕಾರ್ನರ್ ಆಟಗಾರ ನನ್ನ ಪಾದದ ಗಂಟು ಹಿಡಿದ. ನಾನು ಗೆರೆ ಕಡೆ ತಿರುಗಿದೆ. ಕಾಲು ಮ್ಯಾಟಿನಲ್ಲೇ ಉಳಿಯಿತು, ಮೈ ತಿರುಗಿತು. ಒಳಗೆ ಟಕ್ ಅಂದಿದ್ದು ನನಗೇ ಕೇಳಿಸಿತು. ಎಸಿಎಲ್, ಅಂದರೆ ಮೊಣಕಾಲಿನ ಒಳಗಿನ ನಾರು, ಹರಿದಿತ್ತು. ಆಪರೇಷನ್ ಆಗಿ ಐದು ತಿಂಗಳಾಯಿತು. ಖರ್ಚಿಗೆ ಅಪ್ಪ ಅಡಿಕೆ ಮಂಡಿಯಲ್ಲಿ ಮುಂಗಡ ತಂದರು. ನನ್ನನ್ನು ಆಡಿಸಲು ಕರೆದುಕೊಂಡು ಹೋದವರು ಒಂದು ಸಲ ಫೋನ್ ಮಾಡಿದರು, ಆಮೇಲೆ ಮಾಡಲಿಲ್ಲ.

ಬಿಕಾಂ ಮುಗಿದಿದೆ. ಬೆಂಗಳೂರಿಗೆ ಹೋಗು, ಯಾವುದಾದರೂ ಕಂಪನಿ ಸೇರು ಅಂತ ಮನೆಯಲ್ಲಿ ಹೇಳುತ್ತಾರೆ. ಅವರು ಹೇಳುವುದು ತಪ್ಪಲ್ಲ. ಆದರೆ ಟಿವಿಯಲ್ಲಿ ಪ್ರೊ ಕಬಡ್ಡಿ ಬಂದಾಗ ನಾನು ಆಟಗಾರರನ್ನು ನೋಡುವುದಕ್ಕಿಂತ ಜಾಸ್ತಿ ಬೆಂಚಿನ ಹತ್ತಿರ ಕೂತವರನ್ನು ನೋಡುತ್ತೇನೆ. ಕೋಚ್ ಬಿಟ್ಟು ಇನ್ನೂ ಎಷ್ಟೋ ಜನ ಇರುತ್ತಾರೆ. ಅವರೆಲ್ಲ ಯಾರು? ಏನು ಓದಿದ್ದಾರೆ? ಎಲ್ಲಿಂದ ಶುರು ಮಾಡಿದರು? ಗೊತ್ತಿರುವವರು ಹೇಳಿ.

ಸಾಗರದ ಫಿಸಿಯೋ

ತಮ್ಮಾ, ಕೆಲಸದ ಮಾತು ಆಮೇಲೆ. ಐದು ತಿಂಗಳಾಗಿದೆ ಅಂದೆಯಲ್ಲ, ವ್ಯಾಯಾಮ ಯಾರ ಹತ್ತಿರ ಮಾಡುತ್ತಿದ್ದೀಯ? ಮೆಟ್ಟಿಲು ಇಳಿಯುವಾಗ ನೋವಿದೆಯಾ? ಆಪರೇಷನ್ ಆದ ಕಾಲಿನ ತೊಡೆ ಇನ್ನೊಂದಕ್ಕಿಂತ ಸಣ್ಣ ಕಾಣುತ್ತದೆಯಾ?

ತೀರ್ಥಹಳ್ಳಿ ರೈಡರ್

ಮೊದಲ ಎರಡು ತಿಂಗಳು ಶಿವಮೊಗ್ಗಕ್ಕೆ ಹೋಗಿ ಬರುತ್ತಿದ್ದೆ ಅಕ್ಕ. ಆಮೇಲೆ ಬಸ್ಸು, ಫೀಸು ಎಲ್ಲ ಸೇರಿ ಜಾಸ್ತಿ ಆಯಿತು ಅಂತ ಬಿಟ್ಟೆ. ನಡೆಯಲು ಏನೂ ತೊಂದರೆ ಇಲ್ಲ. ತೊಡೆ ಸಣ್ಣ ಆಗಿದೆ, ಹೌದು. ಡಿಸೆಂಬರ್‌ನಲ್ಲಿ ಮತ್ತೆ ಆಡಬಹುದು ಅಂತ ಗೆಳೆಯರು ಹೇಳುತ್ತಿದ್ದಾರೆ.

ಸಾಗರದ ಫಿಸಿಯೋ

ಗೆಳೆಯರ ಮಾತು ಕೇಳಬೇಡ. ನಡೆಯುವುದಕ್ಕೆ ಬರುತ್ತದೆ ಅಂದರೆ ಮೊಣಕಾಲು ತಯಾರಾಗಿದೆ ಅಂತ ಅಲ್ಲ. ಹೊಸದಾಗಿ ಹಾಕಿದ ನಾರು ಮೂಳೆಗೆ ಕೂತು ಗಟ್ಟಿಯಾಗಲು ಕಾಲ ಬೇಕು. ಒಂಬತ್ತು ತಿಂಗಳಿಗೆ ಮೊದಲು ತಿರುಗಿ ಓಡುವ ಆಟಕ್ಕೆ ಇಳಿದವರಲ್ಲಿ ಅದು ಮತ್ತೆ ಹರಿಯುವುದು ಜಾಸ್ತಿ. ತಿಂಗಳು ಎಣಿಸಿದರೂ ಸಾಲದು. ಆ ಕಾಲಿನ ಬಲ ಇನ್ನೊಂದು ಕಾಲಿನ ನೂರಕ್ಕೆ 90 ಭಾಗಕ್ಕಾದರೂ ಬರಬೇಕು. ಒಂಟಿ ಕಾಲಲ್ಲಿ ಜಿಗಿದು ನಿಲ್ಲುವ ಪರೀಕ್ಷೆ ಇದೆ, ಅದರಲ್ಲಿ ಪಾಸಾಗಬೇಕು. ನಾಳೆಯಿಂದಲೇ ವ್ಯಾಯಾಮ ಮತ್ತೆ ಶುರು ಮಾಡು. ಯಾವುದು ಮಾಡಬೇಕು, ಎಷ್ಟು ಸಲ ಅಂತ ನಾನು ಬರೆದು ಕಳಿಸುತ್ತೇನೆ. ತಿಂಗಳಿಗೆ ಒಂದು ಸಲ ಬಂದು ತೋರಿಸಿದರೆ ಸಾಕು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಬೆಂಚಿನ ಹತ್ತಿರ ಕೂರುವವರಲ್ಲಿ ನಾನೂ ಒಬ್ಬಳು. ಎರಡು ಸೀಸನ್ ಒಂದು ತಂಡದ ಜೊತೆ ಓಡಾಡಿದ್ದೇನೆ.

ಫಿಸಿಯೋ ಆಗಬೇಕಾದರೆ ಪಿಯುಸಿಯಲ್ಲಿ ಸೈನ್ಸ್ ಬೇಕು, ಬಯಾಲಜಿ ಬೇಕು. ಆಮೇಲೆ ಬಿಪಿಟಿ, ಅಂದರೆ ಫಿಸಿಯೋಥೆರಪಿ ಡಿಗ್ರಿ. ನಾನು ಓದಿದಾಗ ಅದು ನಾಲ್ಕು ವರ್ಷ, ಮೇಲೆ ಆರು ತಿಂಗಳು ಇಂಟರ್ನ್‌ಶಿಪ್. ಆಮೇಲೆ ಅದರಲ್ಲೇ ಸ್ನಾತಕೋತ್ತರ ಎಂಪಿಟಿ ಎರಡು ವರ್ಷ, ಅದರಲ್ಲಿ ಸ್ಪೋರ್ಟ್ಸ್ ತೆಗೆದುಕೊಳ್ಳಬೇಕು. ನೀನು ಬಿಕಾಂ ಆಗಿರುವುದರಿಂದ ಈ ದಾರಿ ನಿನಗಿಲ್ಲ. ಇಲ್ಲಿ ಓದುತ್ತಿರುವ ಪಿಯುಸಿ ಮಕ್ಕಳಿಗೆ ಉಪಯೋಗ ಆಗಲಿ ಅಂತ ಹೇಳುತ್ತಿದ್ದೇನೆ.

ಕೆಲಸ ಹೇಗಿರುತ್ತದೆ ಅಂದರೆ, ಪಂದ್ಯ ಸಂಜೆ ಇದ್ದರೂ ನಮ್ಮ ದಿನ ಬೆಳಗ್ಗೆ ಆರಕ್ಕೇ ಶುರು. ಯಾರಿಗೆ ನಿದ್ದೆ ಬಂತು, ಯಾರಿಗೆ ಎಲ್ಲಿ ಬಿಗಿತ ಅಂತ ಒಬ್ಬೊಬ್ಬರನ್ನೇ ಕೇಳಬೇಕು. ಪಂದ್ಯಕ್ಕೆ ಮೊದಲು ಟೇಪ್ ಸುತ್ತುವುದೇ ಎರಡು ಗಂಟೆ ಕೆಲಸ. ಪಂದ್ಯ ಮುಗಿದ ಮೇಲೆ ಐಸ್, ಮಸಾಜ್. ಎಲ್ಲರೂ ಮಲಗಿದ ಮೇಲೆ ರಿಪೋರ್ಟ್ ಬರೆಯುವುದು. ಎಲ್ಲಕ್ಕಿಂತ ಕಷ್ಟ ಅಂದರೆ ಆಟಗಾರ ನೋವು ಮುಚ್ಚಿಡುವುದು. ಒಂದು ಪಂದ್ಯ ಹೊರಗೆ ಕೂತರೆ ಆ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ ಅಂತ ಅವನಿಗೆ ಹೆದರಿಕೆ. ಆ ಹೆದರಿಕೆ ಏನು ಅಂತ ನಿನಗೆ ನನಗಿಂತ ಚೆನ್ನಾಗಿ ಗೊತ್ತು.

ಲೀಗ್ ಇರುವುದು ಎರಡು ಮೂರು ತಿಂಗಳು. ತರಬೇತಿ ಸೇರಿಸಿದರೆ ನಾಲ್ಕೈದು. ಉಳಿದ ತಿಂಗಳು ನಾನು ಶಿವಮೊಗ್ಗದಲ್ಲಿ ಕ್ಲಿನಿಕ್‌ನಲ್ಲಿ ಕೂತು ಮಂಡಿನೋವಿನ ಅಜ್ಜಿಯರನ್ನು ನೋಡುತ್ತೇನೆ. ಅದೂ ನನಗೆ ಇಷ್ಟದ ಕೆಲಸವೇ. ಲೀಗ್ ದುಡ್ಡು ಒಂದನ್ನೇ ನಂಬಿ ವರ್ಷ ಕಳೆಯಲು ಮಾತ್ರ ಆಗುವುದಿಲ್ಲ.

ನಾನು ಒಳಗೆ ಹೋದದ್ದು ಹೇಗೆ ಅಂತ ಕೇಳಿದರೆ, ನಾಲ್ಕು ವರ್ಷ ಜಿಲ್ಲಾ ಪಂದ್ಯಗಳಲ್ಲಿ ಐಸ್ ಡಬ್ಬಿ ಇಟ್ಟುಕೊಂಡು ಸುಮ್ನೆ ಕೂತಿದ್ದೆ. ಯಾರೂ ಕರೆದಿರಲಿಲ್ಲ, ಯಾರೂ ದುಡ್ಡು ಕೊಡಲಿಲ್ಲ. ಐದನೇ ವರ್ಷ ಒಬ್ಬ ಕೋಚ್ ನಂಬರ್ ಕೇಳಿದರು.

ಭದ್ರಾವತಿಯವ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಹುಡುಗ ಬೇಜಾರು ಮಾಡಿಕೊಳ್ಳಬಾರದು.

ನಮ್ಮಪ್ಪ ವಾಲಿಬಾಲ್ ಆಡಿ ಕಾರ್ಖಾನೆಗೆ ಸೇರಿದವರು. ಆಗ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆ ಎರಡೂ ಜೋರಾಗಿದ್ದವು. ಚೆನ್ನಾಗಿ ಆಡುವ ಹುಡುಗನಿಗೆ ಕೆಲಸ, ಕ್ವಾರ್ಟರ್ಸ್, ಸಂಜೆ ಪ್ರಾಕ್ಟೀಸಿಗೆ ಬಿಡುವು. ಅಪ್ಪ 40 ವರ್ಷದವರೆಗೂ ಆಡಿದರು, ಆಮೇಲೆ ನಮ್ಮ ಬೀದಿ ಹುಡುಗರಿಗೆ ಕಲಿಸಿದರು. ಮನೆ ನಡೆಯುವ ಚಿಂತೆ ಇರಲಿಲ್ಲ, ಹಾಗಾಗಿ ಆಟ ಕೊನೆಯವರೆಗೂ ಉಳಿಯಿತು. ಈಗ ಕಾಗದದ ಕಾರ್ಖಾನೆ ಎಂಪಿಎಂ ನಿಂತು ವರ್ಷಗಳಾದವು. ಕಬ್ಬಿಣದ ಕಾರ್ಖಾನೆ ವಿಐಎಸ್‌ಎಲ್ ಮುಚ್ಚುವ ಮಾತು 2023ರಲ್ಲಿ ಬಂದಾಗ ಊರೇ ಬೀದಿಗೆ ಇಳಿಯಿತು. ಆ ದಾರಿ ನಿಮ್ಮ ತಲೆಮಾರಿಗೆ ಇಲ್ಲ.

ಲೀಗ್ ಬಂದಿದೆ, ಕೋಟಿ ದುಡ್ಡಿದೆ ಅಂತ ಎಲ್ಲರೂ ಹೇಳುತ್ತಾರೆ. 2023ರ ಹರಾಜಿನಲ್ಲಿ ಪವನ್ ಸೆಹ್ರಾವತ್ ಅವರಿಗೆ 2.6 ಕೋಟಿ ಬಂತು, ನಿಜ. ಆದರೆ ಲೆಕ್ಕ ಹಾಕಿ. ಪ್ರೊ ಕಬಡ್ಡಿಯಲ್ಲಿ 12 ತಂಡ. ಒಂದು ತಂಡಕ್ಕೆ ಹೆಚ್ಚು ಅಂದರೆ 25 ಜನ. ಇಡೀ ದೇಶದಿಂದ, ಹೊರದೇಶದವರೂ ಸೇರಿ 300 ಜನ. ಹರಾಜಿನ ಕೊನೆಯ ವರ್ಗದಲ್ಲಿ ಮೂಲ ಬೆಲೆ 9 ಲಕ್ಷ, ಅದೂ ಯಾರಾದರೂ ಕೂಗಿದರೆ. ಬೆಂಚಿನ ಹತ್ತಿರದ ಕೆಲಸ ಇನ್ನೂ ಕಡಿಮೆ. ತಂಡಕ್ಕೆ ಎಂಟು ಹತ್ತು ಜನ ಅಂದರೂ ನೂರು ಚಿಲ್ಲರೆ.

ನಮ್ಮ ಊರಲ್ಲೇ 1949ರಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್ 91 ಟೆಸ್ಟ್ ಆಡಿದರು. ಆಮೇಲೆ ಆಯ್ಕೆ ಸಮಿತಿಯಲ್ಲಿ ಕೂತರು, ಐಸಿಸಿ ಮ್ಯಾಚ್ ರೆಫ್ರಿ ಆದರು. ಅಂಥವರಿಗೆ ಬಾಗಿಲು ತೆರೆದೇ ಇರುತ್ತದೆ. ಈ ಹುಡುಗ ಯೂನಿವರ್ಸಿಟಿ ಕ್ಯಾಂಪಿನವರೆಗೆ ಹೋದವನು. ಅವನಿಗೆ ಯಾವ ಬಾಗಿಲು ಅಂತ ಯೋಚಿಸಬೇಕು.

ನನ್ನ ಮಾತು ಇಷ್ಟೇ. ಮೊದಲು ಕೈಯಲ್ಲಿ ಒಂದು ಕೆಲಸ ಇರಲಿ. ಕ್ರೀಡಾ ಕೋಟಾದಲ್ಲಿ ನೋಡಬಹುದಿತ್ತು, ಆದರೆ ರೈಲ್ವೆ ಕೋಟಾದಲ್ಲಿ ಟ್ರಯಲ್ಸ್ ಇರುತ್ತದೆ, ಈ ಮೊಣಕಾಲಲ್ಲಿ ಆಗದು. ಕೇಂದ್ರ ಸರ್ಕಾರದ ಕೋಟಾಕ್ಕೆ ಸರ್ಟಿಫಿಕೇಟ್ ಬೇಕು. ಅಂತರ ವಿಶ್ವವಿದ್ಯಾಲಯ ಮಟ್ಟದಲ್ಲಿ ಆಡಿದವರಿಗೆ ಫಾರ್ಮ್ 3 ಅಂತ ಇದೆ, ಅದಕ್ಕೆ ಯೂನಿವರ್ಸಿಟಿಯ ಕ್ರೀಡಾ ನಿರ್ದೇಶಕರ ಸಹಿ ಬೇಕು. ಕ್ಯಾಂಪಿಗೆ ಹೋಗಿದ್ದು ಲೆಕ್ಕಕ್ಕೆ ಬರುವುದಿಲ್ಲ. ಇನ್ನೂ ಆಡುತ್ತಿರುವ ಹುಡುಗರು ಇದನ್ನು ಓದುತ್ತಿದ್ದರೆ, ಕಾಗದಪತ್ರ ಆಯಾ ವರ್ಷವೇ ಮಾಡಿಸಿಕೊಳ್ಳಿ. ಹತ್ತು ವರ್ಷ ಆದ ಮೇಲೆ ಹೋದರೆ ಫೈಲ್ ಸಿಗುವುದಿಲ್ಲ.

ಪಿಡಿ ಮೇಷ್ಟ್ರು

ಭದ್ರಾವತಿಯವರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಲೀಗ್ ಒಂದನ್ನೇ ಆಟದ ಕೆಲಸ ಅಂತ ಎಣಿಸಿದರೆ ಲೆಕ್ಕ ತಪ್ಪುತ್ತದೆ. ನಾನು 19 ವರ್ಷದಿಂದ ಕಾಲೇಜು ಪಿಡಿ, ಅಂದರೆ ದೈಹಿಕ ಶಿಕ್ಷಣ ನಿರ್ದೇಶಕ. ಜೊತೆಗೆ ಕಬಡ್ಡಿ ತೀರ್ಪುಗಾರ. ಲೀಗ್‌ಗೂ ನನಗೂ ಸಂಬಂಧ ಇಲ್ಲ. ಆದರೆ ನನ್ನ ಅನ್ನ ಆಟದ ಅಂಕಣದಿಂದಲೇ ಬಂದಿದೆ.

ಬಿಕಾಂ ಆದವನು ಬಿಪಿಎಡ್, ಅಂದರೆ ದೈಹಿಕ ಶಿಕ್ಷಣದ ಡಿಗ್ರಿ, ಮಾಡಬಹುದು. ಎರಡು ವರ್ಷ. ನಮ್ಮ ಕುವೆಂಪು ವಿಶ್ವವಿದ್ಯಾಲಯದಲ್ಲೇ ಓದಬಹುದು, ಮನೆ ಬಿಟ್ಟು ದೂರ ಹೋಗಬೇಕಿಲ್ಲ. ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕ ಆಗಲು ಅದು ಬೇಕು. ಕಾಲೇಜಿಗೆ ಬರಬೇಕಾದರೆ ಅದರ ಮೇಲಿನ ಎಂಪಿಎಡ್ ಮಾಡಿ ನೆಟ್ ಅಥವಾ ಕೆಸೆಟ್ ಅರ್ಹತಾ ಪರೀಕ್ಷೆ ಪಾಸಾಗಬೇಕು. ಸರ್ಕಾರಿ ನೇಮಕಾತಿ ಅಪರೂಪಕ್ಕೆ ಆಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಖಾಸಗಿ ಶಾಲೆಗಳಲ್ಲಿ ಕೆಲಸ ಸಿಗುತ್ತದೆ, ಸಂಬಳ ಕಡಿಮೆ. ನಾನು ಮೊದಲು ಸೇರಿದ ಶಾಲೆಯಲ್ಲಿ ಆಟದ ಪೀರಿಯಡ್ ಬಂದರೆ ಲೆಕ್ಕದ ಪಾಠ ಮಾಡಿಸುತ್ತಿದ್ದರು. ಒಂದು ವರ್ಷ ತಡೆದೆ, ಬಿಟ್ಟೆ.

ಕೋಚ್ ಆಗಬೇಕು ಅನ್ನುವವರಿಗೆ ಎನ್‌ಐಎಸ್ ಡಿಪ್ಲೊಮಾ ಇದೆ. ಎನ್‌ಐಎಸ್ ಅಂದರೆ ಪಟಿಯಾಲಾದಲ್ಲಿ 1961ರಲ್ಲಿ ಶುರುವಾದ ಕ್ರೀಡಾ ತರಬೇತಿ ಸಂಸ್ಥೆ. ಪೂರ್ತಿ ಡಿಪ್ಲೊಮಾ ಒಂದು ವರ್ಷ, ಚಿಕ್ಕದು ಬೇಕಾದರೆ ಆರು ವಾರದ ಸರ್ಟಿಫಿಕೇಟ್ ಕೋರ್ಸ್. ಕೋಚಿಂಗ್‌ನಲ್ಲಿ ನಮ್ಮ ರಾಜ್ಯದ ಬಿ.ಸಿ. ರಮೇಶ್ ಅವರನ್ನೇ ನೋಡಿ. ದೇಶಕ್ಕೆ ಆಡಿದರು, ಅರ್ಜುನ ಪ್ರಶಸ್ತಿ ಬಂತು. ಆಮೇಲೆ 2019ರಲ್ಲಿ ಬೆಂಗಾಲ್ ವಾರಿಯರ್ಸ್, 2024ರಲ್ಲಿ ಪುಣೇರಿ ಪಲ್ಟನ್, ಎರಡು ಬೇರೆ ಬೇರೆ ತಂಡಗಳಿಗೆ ಪ್ರೊ ಕಬಡ್ಡಿ ಕಪ್ ಗೆಲ್ಲಿಸಿದರು. ಅವರು ಆಟಗಾರರ ಜೊತೆ ಮಾತಾಡುವ ರೀತಿಯನ್ನು ಟೈಮ್ ಔಟ್‌ನಲ್ಲಿ ಗಮನಿಸಿ ಕೇಳು. ಕೂಗಾಟ ಕಡಿಮೆ. ಮುಂದಿನ ರೈಡಿಗೆ ಏನು ಬೇಕೋ ಅಷ್ಟೇ.

ತೀರ್ಪುಗಾರಿಕೆ ಬಗ್ಗೆ ಯಾರೂ ಯೋಚಿಸುವುದಿಲ್ಲ. ಒಂದು ಪಂದ್ಯಕ್ಕೆ ಒಬ್ಬ ರೆಫ್ರಿ, ಇಬ್ಬರು ಅಂಪೈರ್, ಒಬ್ಬ ಸ್ಕೋರರ್, ಇಬ್ಬರು ಸಹಾಯಕ ಸ್ಕೋರರ್. ಆರು ಜನ! ಹೊನಲು ಬೆಳಕಿನ ಪಂದ್ಯಕ್ಕೆ ಆಟಗಾರರು ಸಾಲುಗಟ್ಟಿ ಬರುತ್ತಾರೆ, ನಿಯಮ ಗೊತ್ತಿರುವ ಆರು ಜನರನ್ನು ಹುಡುಕಲು ನಾನು ಮೂರು ತಾಲ್ಲೂಕಿಗೆ ಫೋನ್ ಮಾಡಬೇಕು. ರಾಜ್ಯ ಸಂಸ್ಥೆಯ ಪರೀಕ್ಷೆ ಬರೆದು ಪಾಸಾಗಬೇಕು, ಆಮೇಲೆ ರಾಷ್ಟ್ರಮಟ್ಟದ್ದು. ಇದರಿಂದ ಮನೆ ನಡೆಯುವುದಿಲ್ಲ. ಆದರೆ ಪ್ರತಿ ಜಿಲ್ಲೆಯ ಕೋಚ್ ನಿನ್ನ ಹೆಸರು ಹಿಡಿದು ಕರೆಯುತ್ತಾನೆ. ಮುಂದೆ ಯಾವ ಕೆಲಸಕ್ಕೆ ಹೋದರೂ ಅದು ಕೈ ಹಿಡಿಯುತ್ತದೆ.

ಕೊಪ್ಪದ ಹುಡುಗಿ

ಸರ್, ಹೆಣ್ಣುಮಕ್ಕಳಿಗೆ ಈ ತೀರ್ಪುಗಾರಿಕೆ ಆಗುತ್ತದಾ? ನಾನು ಕ್ರಿಕೆಟ್ ಸ್ಕೋರಿಂಗ್ ಚೆನ್ನಾಗಿ ಮಾಡುತ್ತೇನೆ. ಅಣ್ಣನ ಟೀಮಿನ ಸ್ಕೋರ್ ಬುಕ್ ಐದು ವರ್ಷದಿಂದ ನಾನೇ ಬರೆಯುತ್ತಿರುವುದು. ಹುಡುಗರ ಮಧ್ಯ ಕೂತು ಏನು ಬರೆಯುತ್ತೀಯ ಅಂತ ಮನೆಯಲ್ಲಿ ಬೈಯುತ್ತಾರೆ.

ಕೆಮ್ಮಣ್ಣು

ತಂಗೀ, ಖಂಡಿತ ಆಗುತ್ತದೆ. 2023ರ ಜನವರಿಯಲ್ಲಿ ಮೊದಲ ಸಲ ರಣಜಿ ಪಂದ್ಯಗಳಿಗೆ ಮೂವರು ಹೆಂಗಸರು ಅಂಪೈರ್ ಆದರು. ವೃಂದಾ ರಾಠಿ, ಜನನಿ ನಾರಾಯಣನ್, ಗಾಯತ್ರಿ ವೇಣುಗೋಪಾಲನ್. ಇವರಲ್ಲಿ ವೃಂದಾ ಮೊದಲು ಸ್ಕೋರರ್ ಆಗಿದ್ದವರು, ನಿನ್ನ ಹಾಗೇ. ಜನನಿ ಸಾಫ್ಟ್‌ವೇರ್ ಕೆಲಸ ಬಿಟ್ಟು ಬಂದವರು. ಆಗ ರಣಜಿ ಮಟ್ಟದ ಅಂಪೈರ್‌ಗೆ ದಿನಕ್ಕೆ 30,000ದಿಂದ 40,000 ರೂಪಾಯಿ ಇತ್ತು. ಅಲ್ಲಿಗೆ ಹೋಗಲು ರಾಜ್ಯ ಸಂಸ್ಥೆಯ ಪರೀಕ್ಷೆ, ಆಮೇಲೆ ಬಿಸಿಸಿಐ ಪರೀಕ್ಷೆ, ಮಧ್ಯದಲ್ಲಿ ವರ್ಷಗಟ್ಟಲೆ ಲೀಗ್ ಪಂದ್ಯದಲ್ಲಿ ಬಿಸಿಲಲ್ಲಿ ನಿಲ್ಲಬೇಕು. 1999ರಲ್ಲಿ ದೆಹಲಿಯಲ್ಲಿ ಕುಂಬ್ಳೆ 10 ವಿಕೆಟ್ ತೆಗೆದಾಗ ಅಂಪೈರ್ ಆಗಿದ್ದ ಎ.ವಿ. ಜಯಪ್ರಕಾಶ್ ನಮ್ಮ ಕರ್ನಾಟಕದವರೇ. ಆ ಸ್ಕೋರ್ ಬುಕ್ ಜೋಪಾನವಾಗಿ ಇಟ್ಟುಕೋ. ವಲಯದ ಲೀಗ್ ಪಂದ್ಯ ಎಲ್ಲಿ ನಡೆಯುತ್ತದೋ ಅಲ್ಲಿಗೆ ಅದನ್ನು ತೆಗೆದುಕೊಂಡು ಹೋಗಿ ತೋರಿಸು.

ನಾನು ಯಾರು ಅಂತ ಹೇಳಲಿಲ್ಲ. ನಾನು ಪಿಚ್ ಮಾಡುವವನು. ಊರಲ್ಲಿ ಮಾಲಿ ಅಂತಾರೆ, ಬೆಂಗಳೂರಲ್ಲಿ ಕ್ಯುರೇಟರ್ ಅಂತಾರೆ. ಎರಡು ಹೆಸರೂ ನನಗೆ ಒಂದೇ.

ಹೊಸನಗರದ ಹತ್ತಿರ ನಮ್ಮದು ಗದ್ದೆ. ಕೊಯ್ಲಾದ ಮೇಲೆ ಗದ್ದೆಯಲ್ಲೇ ಪಿಚ್ ಮಾಡಿ ಆಡುತ್ತಿದ್ದೆವು. ಕೂಳೆ ಕಿತ್ತು, ಹೆಂಟೆ ಒಡೆದು, ನೀರು ಹೊಡೆದು, ಕಲ್ಲುಗುಂಡು ಉರುಳಿಸಿ. ಆಡುವುದರಲ್ಲಿ ನಾನು ಅಷ್ಟಕ್ಕಷ್ಟೇ. ಆದರೆ ಮಣ್ಣು ನೋಡುತ್ತಾ ಕೂರುವುದು ಇಷ್ಟ. 20ನೇ ವಯಸ್ಸಿಗೆ ಬೆಂಗಳೂರಿಗೆ ಹೋಗಿ ದಿನಗೂಲಿಗೆ ಒಂದು ಮೈದಾನ ಸೇರಿದೆ. ಅಲ್ಲಿ ಮೂರು ತಿಂಗಳ ಕೂಲಿ ಬರಲೇ ಇಲ್ಲ. ಇನ್ನೊಂದು ಕಡೆ ಹೋದೆ. ಅಲ್ಲಿದ್ದ ಹಿರಿಯರು ನನಗೆ ಗುರು.

22 ಗಜ ಅಂದರೆ 20 ಮೀಟರ್ ಚಿಲ್ಲರೆ ಉದ್ದ, ಮೂರು ಮೀಟರ್ ಅಗಲ. ಇಷ್ಟು ಚಿಕ್ಕ ಜಾಗಕ್ಕೆ ಮನುಷ್ಯ ಒಂದು ಜೀವಮಾನ ಕೊಡಬಹುದು. ಮಣ್ಣಲ್ಲಿ ಜೇಡಿ ಎಷ್ಟಿದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಕೆಮ್ಮಣ್ಣಿನ ಪಿಚ್‌ನಲ್ಲಿ ಚೆಂಡು ಏಳುತ್ತದೆ. ಕಪ್ಪು ಮಣ್ಣು ನೀರು ಹಿಡಿದುಕೊಳ್ಳುತ್ತದೆ, ಚೆಂಡು ತಗ್ಗಾಗಿ ಬರುತ್ತದೆ. ನೀರು ಕೊಟ್ಟ ಮೇಲೆ ರೋಲರ್ ಬೇಗ ಹತ್ತಿಸಿದರೆ ಮಣ್ಣು ಅಂಟುತ್ತದೆ, ತಡ ಮಾಡಿದರೆ ಕೂರುವುದಿಲ್ಲ. ನಮ್ಮ ಗುರುಗಳು ಕೀಲಿಕೈ ಚುಚ್ಚಿ ನೋಡುತ್ತಿದ್ದರು, ಆಮೇಲೆ ಅಂಗೈ ಒತ್ತಿ. ನಾನು ಈಗಲೂ ಹಾಗೇ ನೋಡುತ್ತೇನೆ. ಬಿಸಿಸಿಐ ಕ್ಯುರೇಟರ್ ಕೋರ್ಸ್ ನಡೆಸುತ್ತದೆ, ಪರೀಕ್ಷೆ ಇದೆ, ಪಾಸಾದರೆ ಸರ್ಟಿಫಿಕೇಟ್. ಕೃಷಿ ಓದಿದ ಮಕ್ಕಳಿಗೆ ಇದು ಒಳ್ಳೆಯ ದಾರಿ. ಮಣ್ಣು, ಹುಲ್ಲು, ನೀರು ಮೂರೂ ಅವರಿಗೆ ಮೊದಲೇ ಗೊತ್ತಿರುತ್ತದೆ.

ಮಲೆನಾಡಲ್ಲಿ ಪಿಚ್ ಉಳಿಸುವುದು ಇನ್ನೊಂದು ಕಥೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಟ ಇಲ್ಲ, ಆದರೆ ನಮಗೆ ಕೆಲಸ ಆಗಲೇ ಜಾಸ್ತಿ. ನೀರು ನಿಂತರೆ ಹುಲ್ಲಿನ ಬೇರು ಕೊಳೆಯುತ್ತದೆ. ಹೊದಿಕೆ ಹಾಗೇ ಬಿಟ್ಟರೆ ಒಳಗೆ ಬೂಷ್ಟು. ಬಿಸಿಲು ಅರ್ಧ ಗಂಟೆ ಬಂದರೂ ಓಡಿ ಹೋಗಿ ತೆಗೆಯಬೇಕು. ಚಿನ್ನಸ್ವಾಮಿ ಮೈದಾನದಲ್ಲಿ 2017ರಿಂದ ನೆಲದಡಿಯ ಕೊಳವೆಗಳಿಂದ ನೀರು ಎಳೆಯುವ ಯಂತ್ರ ಇದೆ. ನಮ್ಮ ಕಡೆ ಸ್ಪಂಜು, ಬಕೆಟ್ಟು ಮತ್ತು ಹತ್ತು ಜನರ ಕೈ. ಶಿವಮೊಗ್ಗದ ನವುಲೆ ಮೈದಾನದಲ್ಲಿ ರಣಜಿ ಪಂದ್ಯ ನಡೆದ ದಿನ ಟಿವಿಯಲ್ಲಿ ಬ್ಯಾಟ್ಸ್‌ಮನ್ ಹೆಸರು ಬರುತ್ತದೆ. ಆ ನೆಲವನ್ನು ಮಳೆಗಾಲ ಪೂರ್ತಿ ಕಾದವರ ಹೆಸರು ನಮ್ಮ ಊರಿನವರಿಗೂ ಗೊತ್ತಿರುವುದಿಲ್ಲ. ಅದಕ್ಕೇ ಇಷ್ಟು ಉದ್ದ ಬರೆದೆ.

ರೈಡರ್ ತಮ್ಮಾ, ಕುಮಟಾದ ರಾಘವೇಂದ್ರ ಅವರ ಬಗ್ಗೆ ಓದು. ಬಲಗೈ ಮುರಿದ ಮೇಲೆ ಅವರಿಗೆ ಕ್ರಿಕೆಟ್ ಆಡಲು ಆಗಲಿಲ್ಲ. ಆದರೆ ಮೈದಾನ ಬಿಡಲಿಲ್ಲ. ಇವತ್ತು ಭಾರತ ತಂಡದ ಬ್ಯಾಟ್ಸ್‌ಮನ್‌ಗಳಿಗೆ ನೆಟ್ಸ್‌ನಲ್ಲಿ ವೇಗದ ಚೆಂಡು ಎಸೆಯುವವರು ಅವರೇ. ಕೈಯಲ್ಲಿ ಸೈಡ್ ಆರ್ಮ್ ಅನ್ನುವ ಉದ್ದನೆಯ ಸಾಧನ, ಅದರಿಂದ ಚೆಂಡು 140 ಕಿಲೋಮೀಟರ್ ದಾಟುತ್ತದೆ. 2022ರ ವಿಶ್ವಕಪ್‌ನಲ್ಲಿ ಅಡಿಲೇಡ್‌ನಲ್ಲಿ ಬಾಂಗ್ಲಾದೇಶದ ಮೇಲೆ ಪಂದ್ಯ. ಮಳೆ ಬಂದು ನೆಲ ಒದ್ದೆ. ಅವರು ಬ್ರಷ್ ಹಿಡಿದು ಗೆರೆ ಸುತ್ತ ಓಡಾಡಿ ಆಟಗಾರರ ಬೂಟಿನ ಕೆಸರು ತೆಗೆದರು, ಜಾರಿ ಬೀಳಬಾರದು ಅಂತ. ಅದನ್ನು ನೋಡಿ ನನಗೆ ಕಣ್ಣಲ್ಲಿ ನೀರು ಬಂತು.

ಮೈಕ್ ಹೊಸನಗರ

ವೀಕ್ಷಕ ವಿವರಣೆ ಬಗ್ಗೆ ಎರಡು ಮಾತು. ನಾನು ಟೂರ್ನಮೆಂಟ್‌ಗಳಲ್ಲಿ ಮೈಕ್ ಹಿಡಿಯುತ್ತೇನೆ. ಈಗ ಟಿವಿಯಲ್ಲಿ ಕ್ರಿಕೆಟ್, ಕಬಡ್ಡಿ ಎರಡೂ ಕನ್ನಡದಲ್ಲಿ ಬರುತ್ತವೆ. ನಮ್ಮ ಸಾಗರದ ಭರತ್ ಚಿಪ್ಲಿ ರಾಜ್ಯಕ್ಕೆ, ಐಪಿಎಲ್‌ಗೆ ಆಡಿ ಆಮೇಲೆ ಕನ್ನಡ ವಿವರಣೆಗೆ ಬಂದರು. ಕಡೂರಿನ ವೇದಾ ಕೃಷ್ಣಮೂರ್ತಿ 2017ರ ವಿಶ್ವಕಪ್ ಫೈನಲ್ ಆಡಿದವರು, ಅವರೂ ಮೈಕ್ ಹಿಡಿದಿದ್ದಾರೆ. ಕಾಮೆಂಟರಿ ಪೆಟ್ಟಿಗೆಯಲ್ಲಿ ಮಾತಾಡುವವರ ಪಕ್ಕ ಅಂಕಿ ಅಂಶ ಬರೆದುಕೊಡುವವರು ಇರುತ್ತಾರೆ, ಯಾವ ಆಟಗಾರ ಯಾರು ಅಂತ ಗುರುತಿಸಿ ಹೇಳುವವರೂ ಇರುತ್ತಾರೆ. ಆ ಕೆಲಸಕ್ಕೆ ಹೆಸರು ಮಾಡಿದ ಆಟಗಾರನೇ ಬೇಕು ಅಂತಿಲ್ಲ. ಆಟ ಗೊತ್ತಿರಬೇಕು, ಕನ್ನಡ ಬರೆಯಲು ಬರಬೇಕು, ಕಣ್ಣು ಚುರುಕಿರಬೇಕು.

ಮೂವತ್ತು ಸೆಕೆಂಡ್

ಇಷ್ಟೊತ್ತು ಓದುತ್ತಿದ್ದೆ. ಈ ಹುಡುಗನಿಗೆ ನನ್ನ ಕೆಲಸ ಸರಿಹೋಗುತ್ತದೆ ಅನ್ನಿಸಿತು, ಅದಕ್ಕೆ ಬರೆಯುತ್ತಿದ್ದೇನೆ.

ನಾನು ವಿಡಿಯೋ ಅನಲಿಸ್ಟ್. ಊರು ಶಿಕಾರಿಪುರ. ಓದಿದ್ದು ಬಿಎಸ್ಸಿ. ಕಬಡ್ಡಿ ಪಂದ್ಯ 40 ನಿಮಿಷ, ಒಂದು ರೈಡ್ 30 ಸೆಕೆಂಡ್. ಪೂರ್ತಿ ಸಮಯ ತೆಗೆದುಕೊಂಡರೆ 80 ರೈಡ್, ಬೇಗ ಮುಗಿದರೆ ಇನ್ನೂ ಜಾಸ್ತಿ. ಒಂದೊಂದು ರೈಡಿಗೂ ನಾವು ಹತ್ತು ಹನ್ನೆರಡು ವಿಷಯ ಗುರುತು ಹಾಕುತ್ತೇವೆ. ರೈಡರ್ ಯಾವ ಕಡೆಯಿಂದ ಒಳಗೆ ಹೋದ, ಎದುರು ಎಷ್ಟು ಜನ ಇದ್ದರು, ಬೋನಸ್‌ಗೆ ಕಾಲಿಟ್ಟನಾ, ಮೊದಲು ಕೈ ಹಾಕಿದ ಡಿಫೆಂಡರ್ ಯಾರು, ಅದು ಡೂ ಆರ್ ಡೈ ರೈಡ್ (ಪಾಯಿಂಟ್ ಬರದ ಎರಡು ಖಾಲಿ ರೈಡ್ ಆದ ಮೇಲೆ ಪಾಯಿಂಟ್ ತರಲೇಬೇಕಾದ ರೈಡ್) ಆಗಿತ್ತಾ, ಸ್ಕೋರ್ ಎಷ್ಟಿತ್ತು. ರಾತ್ರಿ ಪಂದ್ಯ ಮುಗಿದರೆ ಬೆಳಗ್ಗೆ ಹತ್ತಕ್ಕೆ ಕೋಚ್ ಕೈಯಲ್ಲಿ ಮುಂದಿನ ಎದುರಾಳಿಯ ಕ್ಲಿಪ್ ಇರಬೇಕು. 20 ನಿಮಿಷಕ್ಕಿಂತ ಉದ್ದ ಇದ್ದರೆ ಆಟಗಾರರು ನೋಡುವುದಿಲ್ಲ. ಹಾಗಾಗಿ ಯಾವುದನ್ನು ಬಿಡಬೇಕು ಅಂತ ಗೊತ್ತಿರಬೇಕು. ಅದು ಆಡಿದವನಿಗೇ ಗೊತ್ತಾಗುವುದು. ಸಾಫ್ಟ್‌ವೇರ್ ಒಂದು ತಿಂಗಳಲ್ಲಿ ಕಲಿಯಬಹುದು.

ಲೀಗ್ ಇಲ್ಲದ ತಿಂಗಳಲ್ಲಿ ಬೇರೆ ಆಟಗಳ ವಿಡಿಯೋ ಗುರುತು ಹಾಕುವ ಕಂಪನಿಗಳಿಗೆ ಕೆಲಸ ಮಾಡುತ್ತೇನೆ. ಫುಟ್‌ಬಾಲ್, ವಾಲಿಬಾಲ್, ಏನು ಬಂದರೂ. ದುಡ್ಡು ದೊಡ್ಡದಲ್ಲ, ಆದರೆ ತಿಂಗಳು ತಿಂಗಳು ಬರುತ್ತದೆ.

ತಮ್ಮಾ, ನಿನ್ನ ಹತ್ತಿರ ಕಾಲೇಜು ಪಂದ್ಯದ ಮೊಬೈಲ್ ವಿಡಿಯೋ ಏನಾದರೂ ಇದೆಯಾ? ಒಂದು ಪಂದ್ಯ ತಗೋ. ಎಕ್ಸೆಲ್‌ನಲ್ಲಿ ಒಂದು ರೈಡಿಗೆ ಒಂದು ಸಾಲು. ಮುಗಿಸಿ ಇಲ್ಲೇ ಹಾಕು. ನೋಡೋಣ.

ತೀರ್ಥಹಳ್ಳಿ ರೈಡರ್

ಹನ್ನೊಂದು ದಿನ ಆಯಿತು, ಕ್ಷಮಿಸಿ. ಮಳೆಗೆ ನಮ್ಮ ಕಡೆ ನಾಲ್ಕು ದಿನ ಕರೆಂಟ್ ಇರಲಿಲ್ಲ.

ಗೆಳೆಯನ ತಮ್ಮ ತೆಗೆದ ಒಂದು ವಿಡಿಯೋ ಇತ್ತು, ನಾನೇ ಆಡಿದ್ದು. 74 ರೈಡ್. ಎರಡು ಸಲ ನೋಡಿ ಬರೆದಿದ್ದೇನೆ, ಶೀಟ್ ಹಾಕಿದ್ದೇನೆ. ಮೊದಲ ಸಲ ನೋಡುವಾಗ ನನ್ನ ರೈಡ್ ಬಂದಾಗಲೆಲ್ಲ ಬರೆಯುವುದು ಮರೆತು ಆಟವನ್ನೇ ನೋಡುತ್ತಾ ಕೂತಿದ್ದೆ.

ಒಂದು ವಿಷಯ ಸಿಕ್ಕಿತು ಅಣ್ಣ. ಆ ಪಂದ್ಯದಲ್ಲಿ ನಾನು 14 ಸಲ ರೈಡಿಗೆ ಹೋಗಿದ್ದೇನೆ. ವಾಪಸ್ ಬರುವಾಗ 11 ಸಲ ಬಲ ಭುಜದ ಮೇಲೇ ತಿರುಗಿದ್ದೇನೆ. ಆಡುವಾಗ ಒಂದು ದಿನವೂ ನನಗೆ ಗೊತ್ತಾಗಿರಲಿಲ್ಲ. ಫೆಬ್ರವರಿಯಲ್ಲಿ ನನ್ನನ್ನು ಹಿಡಿದ ಆ ಕಾರ್ನರ್ ಆಟಗಾರನಿಗೆ ಗೊತ್ತಿತ್ತು ಅನ್ನಿಸುತ್ತದೆ. ಅವನು ನಾನು ತಿರುಗುವುದನ್ನು ಕಾಯುತ್ತಿದ್ದ. ಇದನ್ನು ಯಾರಾದರೂ ನನಗೆ ಮೊದಲೇ ಹೇಳಿದ್ದರೆ ಅಂತ ರಾತ್ರಿ ತುಂಬಾ ಹೊತ್ತು ಯೋಚನೆ ಮಾಡಿದೆ.

ಮೂವತ್ತು ಸೆಕೆಂಡ್

ನೋಡಿದೆ. ಪಾಯಿಂಟ್ ಬಂತಾ ಇಲ್ಲವಾ ಅಂತ ಚೆನ್ನಾಗಿ ಬರೆದಿದ್ದೀಯ. ಆದರೆ 23ರಿಂದ 40ರವರೆಗಿನ ಸಾಲುಗಳಲ್ಲಿ ಡಿಫೆಂಡರ್‌ಗಳು ಎಲ್ಲಿ ನಿಂತಿದ್ದರು ಅಂತ ಇಲ್ಲ. ಖಾಲಿ ರೈಡ್ ಅಂತ ಬಿಟ್ಟಿದ್ದೀಯ. ಖಾಲಿ ರೈಡೇ ಮುಖ್ಯ, ಮುಂದಿನ ಡೂ ಆರ್ ಡೈಗೆ ಅಲ್ಲೇ ತಯಾರಿ ನಡೆಯುವುದು. ಮತ್ತೆ ಮಾಡು.

ಬಲ ಭುಜದ ವಿಷಯ ನೀನೇ ಕಂಡುಹಿಡಿದದ್ದು. ನಾನು ಕೇಳಿರಲಿಲ್ಲ. ಅಕ್ಟೋಬರ್‌ನಲ್ಲಿ ನಮ್ಮಲ್ಲಿ ಟ್ಯಾಗಿಂಗ್‌ಗೆ, ಅಂದರೆ ಹೀಗೆ ವಿಡಿಯೋ ಗುರುತು ಹಾಕಲು, ಇಬ್ಬರು ಬೇಕು. ಮನೆಯಿಂದಲೇ ಮಾಡುವ ಕೆಲಸ. ಕೆಲಸ ಕೊಡುತ್ತೇನೆ ಅಂತ ಈಗಲೇ ಮಾತು ಕೊಡಲು ನನ್ನ ಕೈಯಲ್ಲಿ ಇಲ್ಲ. ಪರೀಕ್ಷೆಗೆ ನಿನ್ನ ಹೆಸರು ಕೊಡುತ್ತೇನೆ. ಅಷ್ಟರೊಳಗೆ ಹತ್ತು ಪಂದ್ಯ ಮಾಡಿರಬೇಕು.

ಭದ್ರಾವತಿಯವ

ಒಳ್ಳೆಯದಾಯಿತು ಮಗೂ. ಬಿಪಿಎಡ್ ಅರ್ಜಿ ಯಾವಾಗ ಅಂತಲೂ ನೋಡಿಕೊಂಡಿರು, ಒಂದನ್ನೇ ನಂಬಬೇಡ. ಅಪ್ಪನಿಗೆ ಆ ಶೀಟ್ ತೋರಿಸಿದೆಯಾ?

ತೀರ್ಥಹಳ್ಳಿ ರೈಡರ್

ತೋರಿಸಿದೆ ಅಂಕಲ್. ಅವರಿಗೆ ಎಕ್ಸೆಲ್ ಅರ್ಥ ಆಗಲಿಲ್ಲ. ವಿಡಿಯೋ ಹಾಕಿ ತಿರುಗಿದ್ದನ್ನು ತೋರಿಸಿದೆ. ಇನ್ನೊಂದು ಸಲ ಹಾಕು ಅಂದರು. ಮೂರು ಸಲ ನೋಡಿದರು. ಅವರು ನನ್ನ ಆಟ ನೋಡಿದ್ದು ಅದೇ ಮೊದಲು.

ಪಿಡಿ ಮೇಷ್ಟ್ರು

ಮುಂದಿನ ತಿಂಗಳು ಶಾಲೆಗಳ ತಾಲ್ಲೂಕು ಮಟ್ಟದ ಪಂದ್ಯ ಇದೆ. ನನಗೆ ಸಹಾಯಕ ಸ್ಕೋರರ್ ಒಬ್ಬ ಕಡಿಮೆ. ಮಧ್ಯಾಹ್ನದ ಊಟ ಇದೆ, ಬಸ್ ಚಾರ್ಜ್ ಕೊಡಿಸುತ್ತೇನೆ, ಅದಕ್ಕಿಂತ ಜಾಸ್ತಿ ಇಲ್ಲ. ಬೆಳಗ್ಗೆ ಎಂಟಕ್ಕೆ ಬರಬೇಕು. ಕೊಪ್ಪದ ಹುಡುಗಿಯೂ ಬರುವುದಾದರೆ ಬರಲಿ. ಆಟ ಬೇರೆ ಆದರೂ ಶೀಟ್ ಬರೆಯುವ ಶಿಸ್ತು ಒಂದೇ, ಕಲಿತರೆ ಒಳ್ಳೆಯದು. ಮನೆಯವರ ಹತ್ತಿರ ನಾನೇ ಮಾತಾಡುತ್ತೇನೆ.

ಕೊಪ್ಪದ ಹುಡುಗಿ

ಬರುತ್ತೇನೆ ಸರ್. ಅಮ್ಮನ ನಂಬರ್ ಮೆಸೇಜ್ ಮಾಡುತ್ತೇನೆ.

ತೀರ್ಥಹಳ್ಳಿ ರೈಡರ್

ನಾನೂ ಬರುತ್ತೇನೆ ಸರ್. ನಮ್ಮ ಊರಿಂದ ಮೊದಲ ಬಸ್ಸಿಗೇ ಹೊರಡುತ್ತೇನೆ.

ಸಾಗರದ ಫಿಸಿಯೋ

ಅವತ್ತು ನಾನೂ ಐಸ್ ಡಬ್ಬಿ ಹಿಡಿದು ಬರುತ್ತೇನೆ. ಚಡ್ಡಿ ಹಾಕಿಕೊಂಡು ಬಾ, ತೊಡೆಯ ಅಳತೆ ತೆಗೆಯಬೇಕು. ಕಳಿಸಿದ ವ್ಯಾಯಾಮ ಮಾಡಿದ್ದೀಯೋ ಇಲ್ಲವೋ ಅಂತ ಟೇಪಿನಲ್ಲೇ ಗೊತ್ತಾಗುತ್ತದೆ.